ಮಾಹಿತಿಗಾಗಿ ಒಂದು ಪ್ರತಿ

ನಮ್ಮ ಮಹಡಿಯ ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದ ಹುಡುಗಿ ಯಾವ ದೇಶದವಳು ಎಂದು ನಾನಿಲ್ಲಿ ಬರೆಯುವುದಿಲ್ಲ. ಅವಳ ಊರಿನ ಹೆಸರನ್ನೂ ಬರೆಯುವುದಿಲ್ಲ. ಬರೆಯಬಾರದ್ದನ್ನು ಒಮ್ಮೆ ಬರೆದಿದ್ದೇನೆ. ಇದು ಅದರದೇ ಕಥೆ. ಪೂರ್ವಕ್ಕೆ ಸಮುದ್ರ ದಾಟಿದರೆ ಸಿಗುವ ಒಂದು ದೇಶ, ಅದರ ಅಂಚಿನಲ್ಲೊಂದು ಗುಡ್ಡಗಾಡು ಪ್ರಾಂತ್ಯ ಎಂದುಕೊಂಡರೆ ಸಾಕು.

ನರ್ಸಿಂಗ್‌ನಲ್ಲಿ ಮೇಲಿನ ಓದಿಗೆ ಬಂದಿದ್ದಳು. ಕಾಲೇಜು ಜೆ.ಪಿ. ನಗರದಲ್ಲಿ, ನಮ್ಮ ಮನೆ ಅಲ್ಲಿಂದ ಕೋಣನಕುಂಟೆ ಕಡೆಗೆ ಎರಡು ಸ್ಟಾಪ್. ವಿದೇಶದವರಿಗೆ ಮನೆ ಕೊಟ್ಟರೆ ಪೊಲೀಸರಿಗೆ ತಿಳಿಸಬೇಕು, ಫಾರಂ ತುಂಬಬೇಕು ಎಂದು ಗೊತ್ತಾದ ದಿನವೇ ಠಾಣೆಗೆ ಓಡಿದೆ. ಎರಡು ಜೆರಾಕ್ಸ್ ಕೇಳಿದ ಕಡೆ ಆರು ಕೊಟ್ಟು ಬಂದೆ. ನಾನು ಅಂಥವಳು. ಒಂದು ದಿನದ ಮಟ್ಟಿಗೆ ಮೈಸೂರಿಗೆ ಹೊರಟರೂ ಗೀಸರಿನ ಸ್ವಿಚ್ಚು, ಗ್ಯಾಸಿನ ರೆಗ್ಯುಲೇಟರು, ಹಿಂಬಾಗಿಲ ಚಿಲಕ ಇವಿಷ್ಟರ ಫೋಟೋ ಮೊಬೈಲಿನಲ್ಲಿ ತೆಗೆದುಕೊಂಡೇ ಹೊರಡುತ್ತೇನೆ. ಬಸ್ಸು ಬಿಡದಿ ದಾಟುವಾಗ ಅದನ್ನು ತೆಗೆದು ನೋಡುತ್ತೇನೆ. ಪಕ್ಕದ ಸೀಟಿನಿಂದ ನಮ್ಮ ಯಜಮಾನರು, "ಈಗಲೂ ಆಫೇ ಇದೆಯಾ?" ಎಂದು ಕೇಳುತ್ತಾರೆ.

ಹುಡುಗಿಯ ಕನ್ನಡವೆಲ್ಲ ಆಸ್ಪತ್ರೆಯ ವಾರ್ಡಿನಲ್ಲಿ ಕಲಿತದ್ದು. ಬಂದು ಆರು ತಿಂಗಳಾಗಿದ್ದಾಗ ಒಂದು ಬೆಳಿಗ್ಗೆ ಗೇಟಿನ ಹತ್ತಿರ ಎದುರಾಗಿ, ಬಲು ಅಕ್ಕರೆಯಿಂದ, "ಆಂಟಿ, ತಿಂಡಿ ಆಯ್ತಾ? ಮೋಷನ್ ಆಯ್ತಾ?" ಎಂದು ವಿಚಾರಿಸಿದಳು. ಕಟ್ಟೆಯ ಮೇಲೆ ಪೇಪರ್ ಓದುತ್ತಿದ್ದ ಎದುರುಮನೆಯ ಹಿರಿಯರು ಪೇಪರ್ ಮಡಚಿಕೊಂಡು ಎದ್ದು ಒಳಗೆ ಹೋದರು. ನಾನು "ಆಯ್ತಮ್ಮ" ಎಂದೆ. ಇನ್ನೇನು ಹೇಳುವುದು?

ಅವಳು ಬಂದ ಎರಡನೇ ವರ್ಷ ಅವಳ ಪ್ರಾಂತ್ಯದಲ್ಲಿ ಮತದಾನವಾಯಿತು. ಆ ದೇಶದೊಳಗೇ ಇರಬೇಕೇ, ಪ್ರತ್ಯೇಕವಾಗಬೇಕೇ ಎನ್ನುವುದೊಂದೇ ಪ್ರಶ್ನೆ. ಸ್ವಯಂನಿರ್ಣಯದ ಹಕ್ಕು ಎಂಬುದನ್ನು ನಾನು ಡಿಗ್ರಿ ಪರೀಕ್ಷೆಯಲ್ಲಿ ಐದು ಅಂಕಕ್ಕೆ ಬರೆದು ಮರೆತಿದ್ದೆ. ಅದು ನಮ್ಮ ತಾರಸಿಯ ಮೇಲೆ ಬಂದು ಕುಣಿಯುತ್ತದೆ ಎಂದು ಯಾರಿಗೆ ಗೊತ್ತಿತ್ತು? ಫಲಿತಾಂಶ ಬಂದ ಮಧ್ಯಾಹ್ನ ಅವಳೂ, ಬೆಂಗಳೂರಿನಲ್ಲಿ ಓದುತ್ತಿದ್ದ ಅವಳ ಕಡೆಯ ಇನ್ನೆಂಟು ಜನರೂ ಕೈಕೈ ಹಿಡಿದು ಸುತ್ತು ಹಾಕಿದರು. ಪ್ರತ್ಯೇಕವಾಗಬೇಕೆಂದವರೇ ಬಹುಪಾಲು. ನಾನು ಕೆಳಗೆ ಹಾಲಿನಲ್ಲಿ ಕೂತು, ಹೋದ ಬೇಸಿಗೆಯಲ್ಲಿ ಮಾಡಿಸಿದ ವಾಟರ್‌ಪ್ರೂಫಿಂಗ್ ತಡೆದೀತೇ ಎಂದು ಸೂರು ನೋಡುತ್ತಿದ್ದೆ. ಒಂದು ನಾಡು ಹುಟ್ಟುತ್ತಿದ್ದಾಗ ನಾನು ಮಾಡುತ್ತಿದ್ದ ಕೆಲಸ ಅದು.

ಹತ್ತು ದಿನದೊಳಗೆ ಕುಣಿತ ನಿಂತಿತು. ಸರ್ಕಾರ ಫಲಿತಾಂಶವನ್ನು ಒಪ್ಪಲಿಲ್ಲ. ಸೈನಿಕರೂ ಅವರ ಬೆನ್ನಿಗೆ ಸಮವಸ್ತ್ರವಿಲ್ಲದ ಬಂದೂಕಿನವರೂ ಪ್ರಾಂತ್ಯಕ್ಕೆ ಇಳಿದು ಮನೆಗಳಿಗೆ ಬೆಂಕಿ ಹಚ್ಚತೊಡಗಿದರು. ಅವಳ ತಾಯಿ, ಬೀದಿಯ ನಲವತ್ತು ಜನರ ಜೊತೆ ಊರಾಚೆಯ ಒಂದು ಹಳೆಯ ಶಾಲೆಯೊಳಗೆ ಅಡಗಿ ಕೂತರು. ಮುಂಬಾಗಿಲಿಗೆ ಹೊರಗಿನಿಂದ ಬೀಗ. ದಾರಿಯಲ್ಲಿ ಹೋಗುವವರಿಗೆ ಶಾಲೆ ಖಾಲಿ. ಒಳಗಿದ್ದದ್ದು ಒಂದೇ ಫೋನು. ಬೈಕಿನ ಬ್ಯಾಟರಿಯಿಂದ ಚಾರ್ಜು ಮಾಡಿ ದಿನಕ್ಕೆ ಹತ್ತು ನಿಮಿಷ, ನಮ್ಮ ಗಡಿಯಾರದಲ್ಲಿ ಸಂಜೆ ನಾಲ್ಕೂವರೆಗೆ, ಅದನ್ನು ಆನ್ ಮಾಡುತ್ತಿದ್ದರು. ಆ ಹತ್ತು ನಿಮಿಷಕ್ಕಾಗಿ ಹುಡುಗಿ ತನ್ನ ಡ್ಯೂಟಿಯನ್ನೇ ಬದಲಾಯಿಸಿಕೊಂಡಿದ್ದಳು.

ಒಂದು ಭಾನುವಾರ ಬೆಳಿಗ್ಗೆ ಕೆಳಗಿಳಿದು ಬಂದು ಬಾಗಿಲಲ್ಲಿ ನಿಂತಳು.

"ಆಂಟಿ, ನೀವು ಲೆಟರ್ ಬರೆದ್ರೆ ನೀರು ಬರತ್ತೆ ಅಂತ ಎಲ್ಲರೂ ಹೇಳ್ತಾರೆ. ನಮಗೂ ಒಂದು ಬರೆದು ಕೊಡಿ."

ಇದರಲ್ಲಿ ಸ್ವಲ್ಪ ನಿಜವಿತ್ತು. ಬ್ಯಾಂಕಿನ ಕೆಲಸ ಬಿಟ್ಟ ಮೇಲೆ ನಮ್ಮ ರಸ್ತೆಯ ನಿವಾಸಿಗಳ ಸಂಘಕ್ಕೆ ಕಾರ್ಯದರ್ಶಿಯಾಗಿದ್ದೆ. ಬೇರೆ ಯಾರೂ ಒಪ್ಪದ್ದರಿಂದ ಆದದ್ದು. ಆಮೇಲೆ ಯಾರೂ ಬಿಡಿಸಲಿಲ್ಲ. ನೀರು, ಒಳಚರಂಡಿ, ಬೀದಿದೀಪ ಎಲ್ಲಕ್ಕೂ ನನ್ನದೇ ಅರ್ಜಿ. ಇಷ್ಟು ವರ್ಷದಲ್ಲಿ ಅರ್ಜಿ ಬರೆಯುವುದರಲ್ಲಿ ನಾನು ಎರಡು ವಿದ್ಯೆ ಕಲಿತಿದ್ದೆ. ಮೊದಲನೆಯದು, ಜಾಗ ಬಿಡಿಸಿ ಹೇಳಬೇಕು. 'ನಮ್ಮ ರಸ್ತೆಯಲ್ಲಿ ನೀರಿಲ್ಲ' ಎಂದು ಬರೆದರೆ ಯಾರೂ ಬರುವುದಿಲ್ಲ; 'ಗಣಪತಿ ದೇವಸ್ಥಾನದ ಎಡಕ್ಕೆ, ಹಿಟ್ಟಿನ ಗಿರಣಿಯ ಎದುರಿನ ವಾಲ್ವ್' ಎಂದು ಬರೆದರೆ ಯಾರಾದರೂ ಒಬ್ಬರು ಸ್ಪ್ಯಾನರ್ ಹಿಡಿದು ಬರುತ್ತಾರೆ. ಎರಡನೆಯದು, ಕಾಗದವನ್ನು ಒಬ್ಬರಿಗೇ ಕಳಿಸಬಾರದು. ಮೇಲಿನವರಿಗೆ ಬರೆದರೆ ಕೆಳಗಿನವರಿಗೊಂದು ಪ್ರತಿ ಹೋಗಬೇಕು. ತನ್ನನ್ನು ಬಿಟ್ಟು ಮೇಲೆ ಹೋದರೆಂದು ಏರಿಯಾ ಇಂಜಿನಿಯರಿಗೆ ಸಿಟ್ಟು ಬಂದರೆ ಆರು ತಿಂಗಳು ವಾಲ್ವ್ ಮುಟ್ಟುವುದಿಲ್ಲ. ಅದಕ್ಕೇ ಕೊನೆಯಲ್ಲಿ, 'ಪ್ರತಿ: ಮಾಹಿತಿಗಾಗಿ ಹಾಗೂ ಸೂಕ್ತ ಕ್ರಮಕ್ಕಾಗಿ'.

ಆ ಒಂಬತ್ತು ಜನರೂ ನಮ್ಮ ಹಾಲಿನಲ್ಲಿ ನೆಲದ ಮೇಲೆ ಕೂತರು. ಎಲ್ಲ ದೇಶಗಳೂ ಸೇರಿ ಮಾಡಿಕೊಂಡಿರುವ ಆ ದೊಡ್ಡ ಸಂಸ್ಥೆಗೆ ಬರೆಯಬೇಕು, ಮತದಾನ ಮಾಡಿಸಲು ವೀಕ್ಷಕರನ್ನು ಕಳಿಸಿದವರು ಈಗ ಶಾಂತಿಪಾಲನಾ ಪಡೆಯನ್ನು ಕಳಿಸಲಿ ಎಂದು ಕೇಳಬೇಕು. ಇದಕ್ಕೂ ಮೊದಲೇ ಇಮೇಲ್ ಕಳಿಸಿದ್ದರಂತೆ. ನಿಮ್ಮ ಸಂದೇಶ ತಲುಪಿದೆ ಎಂದು ಕಂಪ್ಯೂಟರೇ ಉತ್ತರ ಕೊಟ್ಟಿತ್ತು.

"ಇಮೇಲ್‌ಗೆಲ್ಲ ಬೆಲೆ ಇಲ್ಲಮ್ಮ" ಎಂದೆ ನಾನು, ತಿಳಿದವಳ ಹಾಗೆ. "ಪೇಪರ್ ಬೇಕು. ಸಹಿ ಬೇಕು. ಅವರ ದಿಲ್ಲಿ ಆಫೀಸಿನ ಸೀಲ್ ಬೀಳ್ಬೇಕು."

ಅವರು ಬರೆದು ತಂದಿದ್ದ ಕರಡು ಕಣ್ಣೀರಿನಿಂದ ಒದ್ದೆಯಾಗಿತ್ತು. ಜಗತ್ತಿನ ಅಂತಃಕರಣ, ನಮ್ಮ ಅಜ್ಜಂದಿರ ರಕ್ತ, ಬೆಟ್ಟಗಳ ಮೌನ. ನಾನು ಕೆಂಪು ಪೆನ್ನು ಹಿಡಿದೆ. "ಇದನ್ನ ಓದಿ ಅಳ್ತಾರೆ, ಆಮೇಲೆ ಫೈಲಿಗೆ ಹಾಕ್ತಾರೆ. ಜನ ಎಲ್ಲಿದ್ದಾರೆ ಹೇಳಿ. ಎಷ್ಟು ಜನ? ಹತ್ತಿರ ಏನಿದೆ? ಅವರ ಗಾಡಿ ಯಾವ ಕಡೆಯಿಂದ ಒಳಗೆ ಬರಬಹುದು?"

ಅವರು ಹೇಳಿದರು, ನಾನು ಟೈಪ್ ಮಾಡಿದೆ. ಮೂರನೇ ಪ್ಯಾರಾ ಅದು. ಶಾಲೆಯ ಹೆಸರು. ಊರಿಂದ ಎಷ್ಟು ದೂರ, ಯಾವ ಸೇತುವೆ ದಾಟಿದ ಮೇಲೆ. ನಲವತ್ತು ಜನ, ಬಹುತೇಕ ಹೆಂಗಸರು ಮತ್ತು ವಯಸ್ಸಾದವರು. ಮುಂಬಾಗಿಲಿಗೆ ಬೀಗವಿದೆ, ಹಿಂದಿನ ಗೇಟಿನಿಂದ ಪ್ರವೇಶಿಸಬಹುದು. ಟೈಪ್ ಮಾಡಿ ಮುಗಿಸಿ ನನಗೇ ಒಂದು ಸಮಾಧಾನವಾಯಿತು. ಇಷ್ಟು ಅಚ್ಚುಕಟ್ಟಾದ ಪ್ಯಾರಾ ನೀರಿನ ವಿಷಯದಲ್ಲೂ ಬರೆದಿರಲಿಲ್ಲ.

ಸ್ಥಳೀಯರದೊಂದು ಬೆಂಬಲದ ಸಹಿ ಇದ್ದರೆ ತೂಕ ಎಂದು ಎದುರುಮನೆಯ ಹಿರಿಯರನ್ನು ಕರೆದೆ. ಈ ಬಡಾವಣೆಯ ಅರ್ಧ ಜಾಗ ಅವರ ರಾಗಿ ಹೊಲವಾಗಿತ್ತು. ಈಗ ಮೂರಂತಸ್ತಿನ ಕಟ್ಟಡದ ತುಂಬ ಬಾಡಿಗೆದಾರರು. ವಿಷಯ ಕೇಳಿ ಕನ್ನಡಕ ಹಾಕಿಕೊಂಡರು.

"ಬೇರೆ ಹೋಗ್ತೀರಾ ಇಲ್ಲೇ ಇರ್ತೀರಾ ಅಂತ ಇವರನ್ನ ಕೇಳಿದ್ರಾ ಮೇಡಂ?"

"ಹೂಂ, ಓಟು ಹಾಕಿಸಿ ಕೇಳಿದ್ದಾರೆ."

"ನೋಡಿ. ನಮ್ಮೂರನ್ನ ಬೆಂಗಳೂರಿಗೆ ಸೇರಿಸ್ಕೊಂಡಾಗ ನಮ್ಮನ್ನ ಒಂದು ಕಾಫಿಗೂ ಕರೀಲಿಲ್ಲ. ಪೆನ್ ಕೊಡಿ."

ಎಲ್ಲರೂ ಹೋದ ಮೇಲೆ ಅರ್ಜಿಯನ್ನು ಇನ್ನೊಮ್ಮೆ ನೋಡಿದೆ. ಕೆಳಗಡೆ ಖಾಲಿ ಇತ್ತು. ಬೋಳು ಹಣೆಯ ಹಾಗೆ ಕಂಡಿತು. ಕೂತು ನಾಲ್ಕು ಪ್ರತಿಗಳ ಪಟ್ಟಿ ಸೇರಿಸಿದೆ. ಮೊದಲನೆಯದು, ಎರಡನೆಯದು, ಮೂರನೆಯದು ದಿಲ್ಲಿಯಲ್ಲಿರುವ ನಮ್ಮದೇ ಸರ್ಕಾರದ ಕಚೇರಿಗಳಿಗೆ. ನಾಲ್ಕನೆಯದು, ಆ ದೇಶದ ರಾಯಭಾರ ಕಚೇರಿಗೆ. ಅವರನ್ನು ಬಿಟ್ಟು ಮೇಲೆ ಹೋದರೆಂದು ಆಗಬಾರದು ನೋಡಿ. ಸೋಮವಾರ ಬೆಳಿಗ್ಗೆ ಐದೂ ಲಕೋಟೆಗಳನ್ನು ಸ್ಪೀಡ್ ಪೋಸ್ಟ್ ಮಾಡಿ, ರಸೀದಿಗಳ ಫೋಟೋ ತೆಗೆದುಕೊಂಡು, ಬರುವಾಗ ಸೊಪ್ಪು ತಂದೆ.

ಮಂಗಳವಾರ ತಿಂಡಿಯ ಹೊತ್ತಿಗೆ ಯಜಮಾನರು ನನ್ನ ಫೈಲಿನ ಪ್ರತಿಯನ್ನು ಓದುತ್ತಿದ್ದರು. ನಾನು ಹೊಗಳಿಕೆಗೆ ಕಾಯುತ್ತಾ ದೋಸೆ ಮಗುಚುತ್ತಿದ್ದೆ.

"ಏನೇ ಇದು?" ಎಂದರು. "ಕಳ್ಳತನದ ಕಂಪ್ಲೇಂಟಿನ ಒಂದು ಕಾಪಿ ಕಳ್ಳನ ಮನೆಗೂ ಕಳಿಸಿದ್ದೀಯ?"

ನನಗೆ ಅರ್ಥವಾಗಲಿಲ್ಲ.

"ಒಡವೆ ಯಾವ ಬೀರುವಲ್ಲಿದೆ, ಬೀಗ ಯಾವ ಬಾಗಿಲಿಗೆ ಹಾಕಿಲ್ಲ, ಎಲ್ಲ ಬರೆದಿದ್ದೀಯಲ್ಲೇ."

ಆಗ ಅರ್ಥವಾಯಿತು. ಕಾವಲಿಯ ಮೇಲೆ ದೋಸೆ ಕಪ್ಪಾಗುವ ತನಕ ಸುಮ್ಮನೆ ನಿಂತಿದ್ದೆನಂತೆ. ಅವರೇ ಬಂದು ಒಲೆ ಆರಿಸಿದರು. ಜೀವಮಾನವೆಲ್ಲ ಆಗದಿದ್ದ ಅನಾಹುತಗಳಿಗೆ ಹೆದರಿದವಳು ನಾನು. ಗೀಸರ್ ಸಿಡಿಯಲಿಲ್ಲ, ತಾರಸಿ ಸೋರಲಿಲ್ಲ, ಪೊಲೀಸರು ಮನೆಗೆ ಬರಲಿಲ್ಲ. ನಿಜವಾದದ್ದೊಂದು ನನ್ನ ಕೈಯಿಂದಲೇ, ಪಿನ್ ಕೋಡ್ ಸಮೇತ ಹೊರಟಾಗ ನನಗೆ ಒಂದಿಷ್ಟೂ ಹೆದರಿಕೆ ಆಗಿರಲಿಲ್ಲ.

ಅಂಚೆ ಕಚೇರಿ ತೆರೆಯುವ ಮೊದಲೇ ಬಾಗಿಲಲ್ಲಿದ್ದೆ. ಕೌಂಟರಿನಲ್ಲಿದ್ದ ಹೆಂಗಸು ಧಾರವಾಡದ ಕಡೆಯವರು. ನಾನು ರಸೀದಿ ಚಾಚಿ, ಈ ಒಂದು ಲಕೋಟೆ ವಾಪಸ್ ಬೇಕು ಎಂದೆ.

"ಚೀಲ ನಿನ್ನೇನ ಹೋಗೇತ್ರೀ ಮೇಡಂ. ನಾಳೆ ಮುಟ್ಟತದ. ವಾಪಸ್ ಬೇಕಂದ್ರ ಅರ್ಜಿ ಕೊಡ್ರಿ, ದಿಲ್ಲಿಗೆ ಕಳಸ್ತೀವಿ."

ಅರ್ಜಿ. ನನ್ನ ಹಣೆಬರಹ. ಕಾರಣ ಎಂಬ ಕಾಲಮ್ಮಿನಲ್ಲಿ 'ವಿಳಾಸ ತಪ್ಪಾಗಿದೆ' ಎಂದು ಬರೆದುಕೊಟ್ಟೆ.

ಅವರು ರಸೀದಿಯನ್ನೂ ನನ್ನನ್ನೂ ನೋಡಿದರು. "ವಿಳಾಸ ಬರೋಬ್ಬರಿ ಐತಲ್ರೀ. ಖರೇ ಕಾರಣ ಬರೀರಿ. ಅಲ್ಲಿ ಮಂದಿ ಓದಿ, ಹೌದಪಾ ಅನ್ನಬೇಕು, ಅಂದ್ರ ಹುಡುಕ್ತಾರ."

ಹೊಡೆದು ಹಾಕಿ ಬರೆದೆ: ಈ ಕಾಗದ ತಲುಪಿದರೆ ಕೆಲವರ ಜೀವಕ್ಕೆ ಅಪಾಯವಿದೆ. ಅವರು ಎರಡು ಸಲ ಓದಿದರು. "ನಾ ಫೋನೂ ಮಾಡ್ತೀನ್ರೀ. ಆದ್ರ ಸಿಕ್ಕೇ ಸಿಗತೇತಿ ಅಂತ ನಿಮಗ ಹೇಳೂದುಲ್ಲ" ಎಂದರು.

ಬರುವಾಗ ಆಟೋ ಸಾರಕ್ಕಿ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಿತು. ಮುಂದೆ ಸಿಮೆಂಟ್ ಲಾರಿ, ಎಡಕ್ಕೆ ಮೆಟ್ರೋ ಕಂಬ, ಬಲಕ್ಕೆ ಬಸ್ಸು. ಅಲ್ಲಿ ಕೂತು ಲೆಕ್ಕ ಹಾಕಿದೆ. ಹುಡುಗಿಗೆ ಹೇಳಿದರೆ ತಾಯಿಗೆ ಹೇಳುತ್ತಾಳೆ, ಅವರೆಲ್ಲ ಶಾಲೆ ಬಿಟ್ಟು ರಸ್ತೆಗೆ ಬೀಳುತ್ತಾರೆ, ರಸ್ತೆಯಲ್ಲಿ ಸೈನಿಕರಿದ್ದಾರೆ. ಹೇಳದಿದ್ದರೆ ಶಾಲೆಯಲ್ಲೇ ಇರುತ್ತಾರೆ. ಸೈನಿಕರೇ ಅಲ್ಲಿಗೆ ಬರುತ್ತಾರೆ. ಅಥವಾ ಬರದೆಯೂ ಇರಬಹುದು. ನಮ್ಮ ನೀರಿನ ಕಚೇರಿಯಲ್ಲಿ ನನ್ನ ಕಾಗದಗಳು ಮೂರು ತಿಂಗಳು ಲಕೋಟೆಯನ್ನೇ ಬಿಚ್ಚದೆ ಬಿದ್ದಿರುತ್ತವೆ. ಆ ರಾಯಭಾರ ಕಚೇರಿಯಲ್ಲೂ ಅಂಥ ಒಬ್ಬ ಪುಣ್ಯಾತ್ಮ ಇರಲಿ, ಊಟಕ್ಕೆ ಹೋದವನು ಸಂಜೆಗೆ ಬರಲಿ, ನನ್ನ ಕಾಗದದ ಮೇಲೆ ಟೀ ಲೋಟ ಇಡಲಿ ಎಂದು ಬನಶಂಕರಿಗೆ ಹರಸಿಕೊಂಡೆ. ಸೋಮಾರಿ ಗುಮಾಸ್ತನಿಗಾಗಿ ನಾನು ದೇವರಿಗೆ ಕೈಮುಗಿದದ್ದು ಅದೇ ಮೊದಲು.

ಮನೆಗೆ ಬಂದು ಯಜಮಾನರಿಗೆ ಈ ಲೆಕ್ಕವನ್ನೆಲ್ಲ ಒಪ್ಪಿಸಿದೆ. ಹೇಳಬೇಕೋ ಬೇಡವೋ ನಾಳೆಯ ತನಕ ನೋಡೋಣ ಎಂದೆ.

"ಅದನ್ನ ನಿರ್ಧಾರ ಮಾಡೋಕೆ ನೀನ್ಯಾರು?" ಎಂದರು. ಜೋರಾಗಿ ಹೇಳಲಿಲ್ಲ. "ಕೂತಿರೋದು ಅವರು. ಹೋಗು ಮೇಲೆ."

ಅವಳು ತಾರಸಿಯಲ್ಲಿ ಬಿಳಿ ಯೂನಿಫಾರ್ಮು ಒಣಹಾಕುತ್ತಿದ್ದಳು. ನಾನು ಕಾಗದ ಕೊಟ್ಟೆ, ಕೊನೆಯ ಸಾಲಿನ ಮೇಲೆ ಬೆರಳಿಟ್ಟೆ. ಓದಿದಳು. ಬಾಯಲ್ಲಿದ್ದ ಕ್ಲಿಪ್ಪನ್ನು ತೆಗೆದು ತಂತಿಗೆ ಸಿಕ್ಕಿಸಿದಳು. ಮತ್ತೆ ಓದಿದಳು.

"ಯಾಕೆ ಆಂಟಿ?"

ನಾನು ಇಂಜಿನಿಯರ್ ವಿಷಯ ಹೇಳಿದೆ. ಬಿಟ್ಟು ಮೇಲೆ ಹೋದರೆ ಸಿಟ್ಟು ಮಾಡಿಕೊಳ್ಳುತ್ತಾನೆ, ವಾಲ್ವ್ ಮುಟ್ಟುವುದಿಲ್ಲ ಎಂದೆ. ಹೇಳುತ್ತಾ ಹೇಳುತ್ತಾ ನನಗೇ ಕೇಳಿಸುತ್ತಿತ್ತು, ನಾನೇನು ಹೇಳುತ್ತಿದ್ದೇನೆಂದು.

"ನಿಮ್ಮ ಇಂಜಿನಿಯರ್ ಕೊಲ್ಲಲ್ಲ ಆಂಟಿ" ಎಂದಳು.

ನಿಮ್ಮ ಒಂಬತ್ತೂ ಜನರ ಸಹಿ, ವಿಳಾಸ ಅದರಲ್ಲಿದೆ ಎಂದು ತೊದಲಿದೆ. "ನಮ್ದು ಬಿಡಿ. ನಾವು ಇಲ್ಲಿದ್ದೀವಿ" ಎಂದಳು. ಅಷ್ಟರಲ್ಲಿ ನನಗೆ ಉಸಿರು ಸಿಗದಂತಾಯಿತು. ಅವಳು ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ನನ್ನನ್ನು ಕೂರಿಸಿ, ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತಾ ಎಣಿಸಿದಳು. "ನಾಡಿ ಫಾಸ್ಟ್ ಇದೆ. ಉಸಿರು ಎಳ್ಕೊಳ್ಳಿ. ಬಿಡಿ. ಮತ್ತೆ." ಅಭ್ಯಾಸದಿಂದ ಮಾಡಿದಳೆಂದು ಗೊತ್ತಾಗುತ್ತಿತ್ತು. ಮುಖದಲ್ಲಿ ಕರುಣೆ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಯಾರ ಕೈಯಾಗಿದ್ದರೂ ಹೀಗೇ ಎಣಿಸುತ್ತಿದ್ದಳು.

ನಾಲ್ಕೂವರೆಗೆ ಇನ್ನೂ ಮೂರೂವರೆ ಗಂಟೆ ಇತ್ತು. ಅದಕ್ಕೆ ಮೊದಲು ಆ ಫೋನಿಗೆ ಏನು ಮಾಡಿದರೂ ತಲುಪುವಂತಿರಲಿಲ್ಲ. ನಾನು ಕೆಳಗೆ ಹೋಗಲು ಎದ್ದೆ.

"ಹೋಗ್ಬೇಡಿ" ಎಂದಳು. "ಇಲ್ಲೇ ಕೂತಿರಿ."

ಅವಳ ರೂಮಿನಲ್ಲಿ ಒಂದು ಮಂಚ, ಒಂದು ಕುರ್ಚಿ. ಮೇಲೆ ಶೀಟು, ಮಧ್ಯಾಹ್ನ ಒಲೆಯ ಹಾಗೆ ಕಾಯುತ್ತದೆ ಎಂದು ಆ ದಿನವೇ ನನಗೆ ಗೊತ್ತಾದದ್ದು. ಇಷ್ಟು ಕಾಲ ಬಾಡಿಗೆ ಕಟ್ಟಿದವಳು ಒಂದು ಸಲವೂ ಹೇಳಿರಲಿಲ್ಲ. ಅವಳು ಮಂಚದ ಮೇಲೆ ಫೋನು ಇಟ್ಟುಕೊಂಡು ಕೂತಳು. ನಾನು ಕುರ್ಚಿಯಲ್ಲಿ. ಬಾಗಿಲು ತೆರೆದೇ ಇತ್ತು, ಆದರೂ ನನಗೆ ಎದ್ದು ಹೋಗಲಾಗಲಿಲ್ಲ. ರಸ್ತೆಯಲ್ಲಿ ಹಳೇ ಪೇಪರಿನವನು ಕೂಗಿಕೊಂಡು ಹೋದ, ಶಾಲೆಯ ವ್ಯಾನು ಬಂತು, ಕೆಳಗೆ ಯಜಮಾನರು ಯಾರಿಗೋ "ಅವಳಿಲ್ಲ" ಎಂದರು. ಆ ಮೂರೂವರೆ ಗಂಟೆಯಲ್ಲಿ ಅವಳು ಮಾತಾಡಿದ್ದು ಒಂದೇ. "ಅಮ್ಮಂಗೆ ಮಂಡಿ ನೋವು. ನಡೆಯಕ್ಕಾಗಲ್ಲ."

ನಾಲ್ಕೂವರೆಗೆ ಫೋನು ಹತ್ತಿತು. ಅವಳು ಸ್ಪೀಕರಿಗೆ ಹಾಕಿದಳು. ಆ ಭಾಷೆ ನನಗೆ ಬರುವುದಿಲ್ಲ. ಒಂದು ಹೆಣ್ಣಿನ ದನಿ, ನನ್ನದೇ ವಯಸ್ಸಿನದು, ಮೊದಲು ನಗುತ್ತಾ ಏನೋ ಕೇಳಿತು. ಹುಡುಗಿ ಹೇಳಿದಳು. ನಗು ನಿಂತಿತು. ಆ ಕಡೆ ಫೋನು ಕೈಯಿಂದ ಕೈಗೆ ಹೋಯಿತು. ಒಬ್ಬ ವಯಸ್ಸಾದ ಗಂಡಸು ನಿಧಾನವಾಗಿ, ಪಾಠ ಒಪ್ಪಿಸಿಕೊಳ್ಳುವವನ ಹಾಗೆ ಪ್ರಶ್ನೆ ಕೇಳಿದ. ಯಾವತ್ತು ಕಳಿಸಿದ್ದು? ಯಾವತ್ತು ತಲುಪುತ್ತದೆ? ಗೇಟಿನ ವಿಷಯವೂ ಇದೆಯೇ? ಅವಳು ಒಂದೊಂದನ್ನೂ ನನಗೆ ಕನ್ನಡದಲ್ಲಿ ಹೇಳಿ, ನನ್ನ ಉತ್ತರ ಪಡೆದು, ಅವನಿಗೆ ಹೇಳಿದಳು. ಎಲ್ಲದಕ್ಕೂ ನಾನು ಸರಿಯಾದ ಉತ್ತರವನ್ನೇ ಕೊಟ್ಟೆ.

ಆಮೇಲೆ ಆ ಕಡೆ ಗದ್ದಲ.

"ಏನಂತಾರೆ?" ಎಂದೆ.

"ಕೆಲವರು ಹೋಗೋಣ ಅಂತಾರೆ. ಕೆಲವರು ಇಲ್ಲೇ ಇರೋಣ ಅಂತಾರೆ. ಈಗ ಪ್ರಶ್ನೆ ಕೇಳಿದ್ರಲ್ಲ, ನಮ್ಮ ಮೇಷ್ಟ್ರು, ಅವರು ಹೇಳ್ತಿದ್ದಾರೆ, ಕೈ ಎತ್ತಿ ಅಂತ." ಫೋನಿನ ಮೇಲೆ ಬಗ್ಗಿದಳು. "ಎಣಿಸ್ತಿದ್ದಾರೆ."

ಎಣಿಕೆ ನನಗೂ ಕೇಳಿಸಿತು. ಅಂಕಿಗಳು ಗೊತ್ತಿಲ್ಲದಿದ್ದರೂ ಎಣಿಕೆಯ ಧಾಟಿ ಯಾವ ಭಾಷೆಯಲ್ಲಾದರೂ ಗೊತ್ತಾಗುತ್ತದೆ. ಒಂದು ಸರದಿ ಮುಗಿಯಿತು. ಎರಡನೇ ಸರದಿ ಶುರುವಾಗಿ ಏಳೋ ಎಂಟೋ ಆಗಿರಬೇಕು, ಫೋನಿನ ಜೀವ ಹೋಯಿತು.

ಅವಳು ಮತ್ತೆ ಮತ್ತೆ ಒತ್ತಿದಳು. ಆಮೇಲೆ ಒತ್ತುವುದನ್ನು ಬಿಟ್ಟಳು. "ಮೊದಲನೇದು ಯಾವುದು?" ಎಂದು ಕೇಳಿದೆ. "ಇರೋದು, ಹೋಗೋದು, ಮೊದಲು ಎಣಿಸಿದ್ದು ಯಾವುದು?"

"ಗೊತ್ತಿಲ್ಲ ಆಂಟಿ. ಗಲಾಟೆ ಇತ್ತು."

ಬುಧವಾರ ಹನ್ನೊಂದು ಗಂಟೆಗೆ ಅಂಚೆಯವರ ಜಾಲತಾಣದಲ್ಲಿ ನಮ್ಮ ನಾಲ್ಕನೇ ಪ್ರತಿಯ ಎದುರು 'ಬಟವಾಡೆಯಾಗಿದೆ' ಎಂದು ಬಂತು. ಕೌಂಟರಿನ ಹೆಂಗಸು ತಾವಾಗಿಯೇ ಫೋನ್ ಮಾಡಿ, "ತಡಿಯಾಕ ಆಗಲಿಲ್ರೀ" ಎಂದರು. ಆ ಸಂಜೆ ನಾಲ್ಕೂವರೆಗೆ ಶಾಲೆಯ ಫೋನು ಆನ್ ಆಗಲಿಲ್ಲ. ಗುರುವಾರವೂ ಇಲ್ಲ. ಶುಕ್ರವಾರವೂ ಇಲ್ಲ. ಪ್ರತಿದಿನ ನಾಲ್ಕು ಗಂಟೆಗೆ ನಾನು ಮೆಟ್ಟಿಲು ಹತ್ತಿ ಹೋಗಿ ಆ ಕುರ್ಚಿಯಲ್ಲಿ ಕೂರುತ್ತಿದ್ದೆ. ಅವಳು ಕರೆದಿರಲಿಲ್ಲ, ಬರಬೇಡಿ ಎಂದೂ ಹೇಳಿರಲಿಲ್ಲ. ಎರಡನೇ ದಿನ ಟೇಬಲ್ ಫ್ಯಾನ್ ಹೊತ್ತುಕೊಂಡು ಹೋದೆ. ಅದು ಕುತ್ತಿಗೆ ಆಡಿಸುತ್ತಾ ಒಮ್ಮೆ ಅವಳ ಕಡೆ, ಒಮ್ಮೆ ನನ್ನ ಕಡೆ ತಿರುಗುತ್ತಿತ್ತು. ಒಂದು ದಿನ ಚಿತ್ರಾನ್ನ ಮಾಡಿಕೊಂಡು ಹೋಗಿದ್ದೆ. ಅವಳು ತಿಂದಳು. ತಿಂದಳಲ್ಲ ಎಂದು ನನಗೆ ಸಂತೋಷವಾಯಿತು. ಆ ಸಂತೋಷಕ್ಕೆ ನಾಚಿಕೆಯೂ ಆಯಿತು.

ಭಾನುವಾರ ಮಧ್ಯಾಹ್ನ ಅವಳು ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಬಂದಳು. ತಾಯಿ ಬೇರೊಂದು ನಂಬರಿನಿಂದ ಮಾತಾಡಿದ್ದರು. ನದಿ ದಾಟಿ, ಗಡಿಯಾಚೆಯ ಶಿಬಿರ ಸೇರಿದ್ದರು. ಎಣಿಕೆಯಲ್ಲಿ ಹೋಗಬೇಕೆಂದವರು ನಾಲ್ಕೇ ಕೈಗಳಿಂದ ಗೆದ್ದಿದ್ದರಂತೆ. ಅವಳ ತಾಯಿ ಇರಬೇಕೆಂದು ಕೈ ಎತ್ತಿದವರು. ಆದರೂ ಗೆದ್ದವರ ಜೊತೆ ಹೊರಟಿದ್ದರು. ಮಂಡಿಗೆ ಸೀರೆಯ ಅಂಚಿನಂಥದ್ದೇನನ್ನೋ ಬಿಗಿದುಕೊಂಡು ಎರಡು ದಿನ ಕಾಡಿನಲ್ಲಿ ನಡೆದಿದ್ದರು.

ನಾನು ಅಳುತ್ತಾ ದೇವರ ಮನೆಯ ಕಡೆ ತಿರುಗಿದೆ. ಅವಳು ಅಲ್ಲೇ ನಿಂತಿದ್ದಳು.

"ಇಬ್ಬರು ಬರಲಿಲ್ಲ ಆಂಟಿ. ಮೇಷ್ಟ್ರು, ಅವರ ಹೆಂಡತಿ. ಎಣಿಸಿದ್ದು ಅವರೇ. ಅವರ ಹೆಂಡತಿಗೆ ನಡೆಯಕ್ಕೇ ಆಗಲ್ಲ. ನೀವು ಹೋಗಿ ಅಂದ್ರಂತೆ. ನಂಗೆ ಓದಕ್ಕೆ ಕಲಿಸಿದ್ದು ಅವರು."

ಶುಕ್ರವಾರ ಆ ಶಾಲೆಗೆ ಸೈನಿಕರು ಬಂದರು ಎಂದು ಆಮೇಲೆ ತಿಳಿಯಿತು. ಆ ವಾರ ಅವರು ಊರಿನ ಶಾಲೆ, ಛತ್ರ, ಗೋದಾಮು ಒಂದನ್ನೂ ಬಿಟ್ಟಿರಲಿಲ್ಲವಂತೆ. ಹಾಗಿದ್ದರೆ ನನ್ನ ಕಾಗದ ಇಲ್ಲದಿದ್ದರೂ ಬರುತ್ತಿದ್ದರು. ಹಾಗಿದ್ದರೆ ನನ್ನ ಕಾಗದದ ಹೆದರಿಕೆಯಿಂದಲೇ ಉಳಿದವರು ಉಳಿದರು. ಯಜಮಾನರು ಇದನ್ನು ನನಗೆ ಬಗೆಬಗೆಯಾಗಿ ಹೇಳಿದರು, ಪಾಪ. ಕಾಫಿ ಕೊಡುವಾಗ, ವಾಕಿಂಗಿನಲ್ಲಿ, ಮಾರ್ಕೆಟ್ಟಿನಲ್ಲಿ ಚೀಲ ಹಿಡಿದುಕೊಂಡು. ಇರಬಹುದು. ಸೈನಿಕರು ಮುಂಬಾಗಿಲು ಒಡೆದು ಬಂದರೋ, ಹಿಂದಿನ ಗೇಟಿನಿಂದ ಬಂದರೋ ಎಂದು ನನಗೆ ಕೇಳಬೇಕೆನಿಸುತ್ತಿತ್ತು. ಯಾರನ್ನೂ ಕೇಳಲಿಲ್ಲ. ಹೇಳಬಲ್ಲವರು ಇಬ್ಬರೇ.

ಕೆಲವು ವಾರ ಕಳೆದ ಮೇಲೆ ಶಾಂತಿಪಾಲನಾ ಪಡೆ ಆ ಪ್ರಾಂತ್ಯಕ್ಕೆ ಇಳಿಯಿತು. ನಮ್ಮ ಅರ್ಜಿಯಿಂದಲ್ಲ. ದೊಡ್ಡ ದೇಶಗಳು ತಮ್ಮತಮ್ಮಲ್ಲಿ ಏನೋ ಮಾತಾಡಿಕೊಂಡವಂತೆ. ಟಿವಿಯಲ್ಲಿ ನೀಲಿ ಹೆಲ್ಮೆಟ್ಟಿನವರು ವಿಮಾನದ ಹೊಟ್ಟೆಯಿಂದ ಇಳಿಯುವುದನ್ನು ಹುಡುಗಿ ನಮ್ಮ ಹಾಲಿನಲ್ಲಿ ಕೂತು ನೋಡಿದಳು. ಎದುರುಮನೆಯ ಹಿರಿಯರೂ ಬಂದಿದ್ದರು. "ಬಂದ್ರಲ್ಲ ಮೇಡಂ, ಕೊನೆಗೂ" ಎಂದು ನನ್ನ ಕಡೆ ನೋಡಿದರು, ಅಭಿನಂದಿಸುವವರ ಹಾಗೆ. ನಾನು ಅಡುಗೆಮನೆಗೆ ಹೋದೆ.

ಮರುದಿನ ಅವಳು ಬಾಗಿಲಿಗೆ ಬಂದಳು. ಕೈಯಲ್ಲಿ ಫೋನು, ಆ ಕಡೆ ತಾಯಿ ಕಾಯುತ್ತಿದ್ದರು.

"ಆ ಪಡೆಯವರಿಗೆ ಲೆಟರ್ ಬರೀಬೇಕು. ಮೇಷ್ಟ್ರನ್ನ ಹುಡುಕಿ ಅಂತ."

"ನಾನು ಬರೆಯಲ್ಲಮ್ಮ. ಬೇರೆ ಯಾರ ಹತ್ರನಾದ್ರೂ ಬರೆಸು. ನಿನಗೆ ಕೈ ಮುಗೀತೀನಿ."

"ನೀವೇ ಬರೀಬೇಕು. ನಾನು ಪಕ್ಕದಲ್ಲೇ ಕೂತಿರ್ತೀನಿ."

ಕೂತೆವು. ಯಾರಿಗೆ, ಏನು, ಎಲ್ಲಿ ಎಂದು ಅವಳು ಹೇಳುತ್ತಾ ಹೋದಳು. ಒಂದೊಂದು ಸಾಲು ಟೈಪ್ ಮಾಡಿದಾಗಲೂ ನಾನು ನಿಲ್ಲಿಸಿ, ಇದು ಬರೆಯಬಹುದಾ ಎಂದು ಕೇಳಿದೆ. ಬರೆಯಬಹುದು ಎಂದಳು. 'ಶಾಲೆಯಲ್ಲಿ ಉಳಿದ ಇಬ್ಬರು ವೃದ್ಧರು' ಎಂಬಲ್ಲಿಗೆ ಬಂದೆವು.

"ಹೆಸರು ಹಾಕಿ" ಎಂದಳು.

ಕೀಬೋರ್ಡಿನಿಂದ ಕೈ ತೆಗೆದೆ. ಹೆಸರು ಬೇಡ, ಇಬ್ಬರು ವೃದ್ಧರು ಅಂದರೆ ಸಾಕು, ಅರ್ಥವಾಗುತ್ತದೆ ಎಂದೆ.

"ಈಗ ಅವರು ಅಡಗಿ ಕೂತಿಲ್ಲ ಆಂಟಿ. ಈಗ ಹೆಸರು ಬೇಕು."

ಫೋನಿನಲ್ಲಿ ತಾಯಿ ಏನಾಯಿತೆಂದು ಕೇಳಿದರು. ಹುಡುಗಿ ಉತ್ತರ ಕೊಟ್ಟಳು. ಆಮೇಲೆ ಆ ಹೆಂಗಸು, ನನಗೇ ಹೇಳುತ್ತಿರುವಂತೆ, ಬಿಡಿಬಿಡಿಯಾಗಿ ಎರಡು ಹೆಸರು ಹೇಳಿದರು. ನಾನು ಅವನ್ನು ತಿರುಗಿ ಹೇಳಿದೆ. ಎರಡನೆಯದನ್ನು ತಪ್ಪಾಗಿ ಹೇಳಿದ್ದೆ; ಅವರು ತಿದ್ದಿದರು. ಮತ್ತೆ ಹೇಳಿದೆ. ಸರಿ ಎಂಬಂಥ ಒಂದು ಸದ್ದು ಬಂತು. ಹುಡುಗಿ ಕೀಬೋರ್ಡನ್ನು ನನ್ನ ಮುಂದಿನಿಂದ ಎಳೆದುಕೊಳ್ಳಲಿಲ್ಲ, ಕಾದಳು. ನಾನು ಟೈಪ್ ಮಾಡಿದೆ.